ಕಪಾಟು ಮಾಡಿಸಿದ್ದು

ಕಿವಿಯ ಮೇಲೆ ಪೆನ್ಸಿಲ್ಲು, ಸೊಂಟಕ್ಕೆ ಟೇಪು,
ಮೌನಾಚಾರಿ ಒಳಗೆ ಬಂದವನೇ
ಚಾ ಬೇಡವೆಂದ, ಗೋಡೆ ತಟ್ಟಿದ.
ನಿಟುವಳ್ಳಿಯ ಈ ಎರಡು ಕೋಣೆಯ ಮನೆಯಲ್ಲಿ
ಗೋಡೆಯನ್ನು ಯಾರೂ ಹಾಗೆ ತಟ್ಟಿ ಮಾತಾಡಿಸಿರಲಿಲ್ಲ.
ದಾರದ ತುದಿಗೆ ಗುಂಡು ಕಟ್ಟಿ ಇಳಿಬಿಟ್ಟು
ಒಂದು ಕಣ್ಣು ಮುಚ್ಚಿ ನಿಂತ:
"ಕೊಟ್ರೇಶಣ್ಣ, ನಿಮ್ಮ ಗೋಡೆ ಹೊಟ್ಟೆ ಬಿಟ್ಟೈತೆ,
ಮುಕ್ಕಾಲು ಇಂಚು."
ನಾನು ನನ್ನ ಹೊಟ್ಟೆ ಒಳಗೆಳೆದುಕೊಂಡೆ.

ಏಳಡಿ ಎತ್ತರ, ಐದಡಿ ಅಗಲ, ಆಳ ಇಪ್ಪತ್ತೆರಡು ಇಂಚು.
ಅವನದು ಇಂಚಿನ ಲೆಕ್ಕ, ನನ್ನದು ಮೀಟರು.
ಮಂಡಿಪೇಟೆಯ ಅಂಗಡಿಯಲ್ಲಿ ಇಪ್ಪತ್ಮೂರು ವರ್ಷ
ಬಿಳಿ ಹಾಸಿನ ಮೇಲೆ ಮಂಡಿಯೂರಿ
ಸೀರೆ ಹರವಿದವನು ನಾನು.
ಹರವುವುದು ಏನು ಮಹಾ,
ಬಂದವರು ಕೊಳ್ಳದೆ ಎದ್ದು ಹೋದ ಮೇಲೆ
ಗುಡ್ಡೆ ಬಿದ್ದ ನಲವತ್ತನ್ನೂ
ಮೊದಲಿನ ಗೆರೆಗೇ ಮಡಿಸಿಡುವುದು ಕಸುಬು.
ಅಲ್ಲಿ ಗಾಜಿನ ಕಪಾಟು, ಒಳಗೆ ದೀಪ.
ಇಲ್ಲಿ ಬಾಗಿಲ ಹಿಂದೆ ಐದು ಮೊಳೆ,
ಮಂಚದ ಕೆಳಗೊಂದು ಟ್ರಂಕು,
ಒಣಗಿದ್ದೂ ಒಣಗದ್ದೂ ಒಟ್ಟಿಗೇ ತೂಗುವ
ನೈಲಾನ್ ಹಗ್ಗ.

ಲಗ್ನಪತ್ರಿಕೆಯೊಂದರ ಬೆನ್ನಿಗೆ ಚಿತ್ರ ಬರೆದು ತೋರಿಸಿದ.
"ಅಗ್ಗದ ಪ್ಲೈವುಡ್ಡೂ ಐತೆ. ಎರಡು ಮಳೆಗೆ ಉಬ್ಬುತ್ತೆ,
ಆಮೇಲೆ ನನ್ನ ಬೈಬೇಡ್ರಿ."
ಆ ಮಾತು ನನ್ನದೇ. ಬಣ್ಣ ಬಿಡುವ ಸೀರೆಯ ಪಕ್ಕ
ಬಿಡದ ಸೀರೆ ಇಟ್ಟು ದಿನಾ ಹೇಳುವ ಮಾತು.
ಆದರೂ, 'ಒಂದೇ ದರ' ಎಂಬ ಬೋರ್ಡಿನ ಕೆಳಗೆ ಅನ್ನ ಉಂಡವನು
ಎಂಟುನೂರು ರೂಪಾಯಿಗಾಗಿ
ಅರ್ಧ ತಾಸು ಚೌಕಾಸಿ ಮಾಡಿದೆ.

"ಮನೇಲಿ ಸೀರೆ ಎಷ್ಟದಾವೆ?
ನೇತು ಹಾಕ್ತೀರೋ, ಮಡಚಿ ಇಡ್ತೀರೋ?"
ನಾನು ಬಾಯಿ ತೆರೆದೆ.
ಅಂಗಡಿಯಲ್ಲಿ ಮೊಳಕಾಲ್ಮೂರು ರೇಷ್ಮೆ ಎಷ್ಟು,
ಇಳಕಲ್ಲು ಎಷ್ಟು, ನಿದ್ದೆಯಲ್ಲೂ ಹೇಳಬಲ್ಲೆ.
ಅಡುಗೆಮನೆಯಿಂದ ಹಾಲಮ್ಮ ಒಗ್ಗರಣೆ ನಿಲ್ಲಿಸದೆ ಅಂದಳು:
"ಹನ್ನೊಂದು.
ಅದ್ರಾಗೆ ನಾಕು ಡ್ಯಾಮೇಜು."

ದೀಪಾವಳಿ ಮುಗಿದ ಮೇಲೆ ಅರ್ಧ ಬೆಲೆಗೆ
ನಾನೇ ಹೊತ್ತು ತಂದವು:
ಒಂದರ ಅಂಚಿಗೆ ಇಲಿ, ಒಂದರ ಸೆರಗಿಗೆ ಎಣ್ಣೆ.
ಆಚಾರಿ ಏನೂ ಅನ್ನಲಿಲ್ಲ.
ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ೧೧ ಎಂದು ಬರೆದ.
ಅದಿನ್ನೂ ಅಲ್ಲೇ ಇದೆ, ಕಪಾಟಿನ ಹಿಂದೆ.

ಆರು ದಿನ ಗರಗಸ.
ಮಂಡಕ್ಕಿಯಲ್ಲಿ ಹೊಟ್ಟು, ತಲೆದಿಂಬಿನಲ್ಲಿ ಹೊಟ್ಟು,
ಉಸಿರಿಗೆಲ್ಲ ಫೆವಿಕಾಲ್.
ಗೋಡೆಯ ಹೊಟ್ಟೆ ಮರೆಯಾಗಲೆಂದು
ಉದ್ದಕ್ಕೂ ಒಂದು ಪಟ್ಟಿ ಹೊಡೆದ.
ಬಲಗಡೆಯ ಡ್ರಾಯರು ಮಾತ್ರ ಅರ್ಧಕ್ಕೇ ಮುನಿಯುತ್ತದೆ.
"ಮಳೆಗಾಲ ಮುಗೀಲಿ, ತಾನೇ ಸರಿಹೋಗ್ತೈತೆ."
"ಉಳಿದ ಎರಡು ಸಾವಿರಾನೂ
ಮಳೆಗಾಲ ಮುಗೀಲಿ," ಅಂದೆ.
ಇಬ್ಬರೂ ನಕ್ಕೆವು. ಯಾರೂ ಸೋಲಲಿಲ್ಲ.

ರಾತ್ರಿ ಊಟವಾದ ಮೇಲೆ ಹಾಲಮ್ಮ
ಕಪಾಟಿನ ಎದುರಿಗೆ ಚಾಪೆ ಹಾಸಿ ಕೂತಳು.
"ಏನ್ರೀ, ಆ ಮೇಲಿಂದು ತೋರ್ಸ್ರಿ."
ಕೈ ಸುಮ್ಮನಿರಬೇಕಲ್ಲ!
ಝಾಡಿಸಿ ಹರವಿದೆ: "ನೋಡಿ ಮೇಡಂ, ಕೈಗೆ ಬೆಣ್ಣೆ."
ಎರಡು ಬೆರಳಲ್ಲಿ ಅಂಚು ಉಜ್ಜಿದಳು.
"ಬಾರ್ಡರ್ ಸಣ್ಣದಾಯ್ತು. ಬೇರೆ ತೋರ್ಸ್ರಿ."
"ಇದು?"
"ಇಂಥದ್ದು ಎದುರುಮನೆಯಾಕೆ ಹತ್ರ ಐತೆ."
"ಇದು?"
"ಇಲಿ ತಿಂದೈತೆ."
ಹನ್ನೊಂದೂ ಹರವಿದ್ದಾಯಿತು.
"ಇಷ್ಟೇನಾ ನಿಮ್ಮ ಅಂಗಡ್ಯಾಗೆ?"
"ಶ್ರಾವಣಕ್ಕೆ ಹೊಸ ಸ್ಟಾಕು ಬರುತ್ತೆ ಮೇಡಂ."
"ಆಗ್ಲೇ ಬರ್ತೀನಿ ಬಿಡ್ರಿ," ಅಂದು
ಮಂಡಿ ಹಿಡಿದು ಎದ್ದು ಹೋದಳು,
ಎಲ್ಲ ಗಿರಾಕಿಗಳ ಹಾಗೆ, ಹಿಂತಿರುಗಿ ನೋಡದೆ.

ನಾನು ಗುಡ್ಡೆಯ ಮುಂದೆ ಕೂತು
ಅಂಗಡಿಯ ಗೆರೆಗೆ ಮಡಿಸಹೋದೆ.
ಬಟ್ಟೆ ಒಪ್ಪಲಿಲ್ಲ.
ಅವಳ ಗೆರೆಯೇ ಬೇರೆ:
ಎರಡು ಮಡಿಕೆ ಹೆಚ್ಚು, ಟ್ರಂಕಿನ ಅಗಲಕ್ಕೆ.
ಕೊನೆಗೆ ಅವಳ ಗೆರೆಗೇ ಮಡಿಸಿಟ್ಟೆ.
ಇಪ್ಪತ್ತೆರಡು ಇಂಚಿನ ಖಾನೆಯ ಮೂಲೆಯಲ್ಲಿ
ಹನ್ನೊಂದೂ ಒತ್ತಿಕೊಂಡು ಕೂತವು,
ಟ್ರಂಕಿನಲ್ಲಿ ಕೂತಷ್ಟೇ ಜಾಗದಲ್ಲಿ.