ಎರಡು ಗೆರೆ

ಚಾಂಗ್ ಹೊಳೆಯ ದಡದ ಊರು. ಇಲ್ಲಿ ಗೋಡೆಗೂ
ಬೆಂಕಿಯ ರುಚಿ ಗೊತ್ತು:
ಆವಿಗೆ ಕೆಡವಿ ತಂದ ಹಳೆ ಇಟ್ಟಿಗೆ,
ಬಿಸಿಗೆ ಬೆವರಿ ಗಾಜುಗಟ್ಟಿದ ಮೈ.

ಫೆಂಗ್ ಚಿಯುಲಿಯೆನ್ ಗೆರೆ ಎಳೆಯುವವಳು.
ಹೂವಲ್ಲ, ಹಕ್ಕಿಯಲ್ಲ, ಮೋಡ ಸುತ್ತಿದ ಡ್ರ್ಯಾಗನ್ನಲ್ಲ,
ಬಟ್ಟಲ ಬಾಯಂಚಿಗೆ ಎರಡು ಗೆರೆ, ಅಷ್ಟೇ.
ತಿಗರಿ ತಿರುಗಬೇಕು, ಕೈ ಅಲುಗಬಾರದು,
ಹೊರಟಲ್ಲಿಗೇ ಬಂದು ಸೇರಿದ ಗೆರೆಗೆ
ಸೇರಿದ ಜಾಗ ಕಾಣಬಾರದು.

ಹದಿನಾರಕ್ಕೆ ಕಾರ್ಖಾನೆ ಸೇರಿದಾಗ ಕೇಳಿದ್ದಳು:
‘ಹಕ್ಕಿ ಬರೆಯೋದು ಯಾವಾಗ?’
ಮೇಸ್ತ್ರಿ ಝಾನ್ ತಲೆಯೆತ್ತದೆ ಹೇಳಿದ:
‘ಹಕ್ಕಿ ಮೂರನೇ ಸಾಲಿನವರದ್ದು.
ರೆಕ್ಕೆ ಒಬ್ಬಳದ್ದು, ಅದಕ್ಕೆ ಬಣ್ಣ ತುಂಬೋದು ಇನ್ನೊಬ್ಬಳದ್ದು.
ನಿನಗೆ ಆಕಾಶದ ಅಂಚು ಬಿಟ್ಟಿದ್ದೇನೆ, ಸಾಲದೇ?’

ಬರೆಯುವಾಗ ಬಣ್ಣ ಮಸಿಗಪ್ಪು.
ಅದು ನೀಲಿಯಾಗುವುದು ಇನ್ನೊಂದು ಕಟ್ಟಡದಲ್ಲಿ.

ಒಂದು ಬಟ್ಟಲಿಗೆ ಎಪ್ಪತ್ತೆರಡು ಕೈ ಎನ್ನುತ್ತಾರೆ.
ಒಂದು ಮಧ್ಯಾಹ್ನ ಎಣಿಸಲು ಕೂತಳು:
ಗಾವೊಲಿಂಗ್ ಬೆಟ್ಟದಲ್ಲಿ ಬಿಳಿ ಮಣ್ಣು ಅಗೆದವ,
ನೀರಿನ ಒನಕೆ ಹಗಲಿರುಳು ಕಲ್ಲು ಕುಟ್ಟುವಲ್ಲಿ
ತೂಕಡಿಸುತ್ತ ಕಾದವ,
ತುಳಿದವ, ನಾದಿದವ, ತಿಗರಿಗಿಟ್ಟವ,
ಒಣಗಿದ್ದನ್ನು ಕಾಗದದಷ್ಟು ತೆಳ್ಳಗೆ ಹೆರೆದು
ಬೆರಳಲ್ಲಿ ತಟ್ಟಿ ಸದ್ದಿನಿಂದಲೇ ದಪ್ಪ ಅಳೆದವ,
ಹಸಿ ಬಟ್ಟಲು ತುಂಬಿದ ಹಲಗೆ ಹೆಗಲಿಗೇರಿಸಿ
ಕೇರಿಯ ತಿರುವಲ್ಲಿ ‘ದಾರಿ, ದಾರಿ’ ಎಂದವ
(ಇಲ್ಲಿ ನಾಯಿಗೂ ಗೊತ್ತು, ಗೋಡೆಗೆ ಒತ್ತಿ ನಿಲ್ಲುತ್ತದೆ).
ನಲವತ್ತರ ಹೊತ್ತಿಗೆ ಲೆಕ್ಕ ತಪ್ಪಿತು.
ಅಪ್ಪನನ್ನು ಸೇರಿಸಿದೆನೋ ಇಲ್ಲವೋ ನೆನಪಾಗಲಿಲ್ಲ.

ಅಪ್ಪ ಬೆಂಕಿ ಓದುವವನು.
ಪೈನ್ ಸೌದೆ ಒಂದು ಹಗಲು ಒಂದು ರಾತ್ರಿ ಉರಿದ ಮೇಲೆ
ಕಿಂಡಿಯಿಂದ ಒಳಗೆ ಉಗಿಯುತ್ತಿದ್ದ;
ಉಗುಳು ಹೇಗೆ ಹಾರಿತು, ಎಲ್ಲಿ ಆರಿತು,
ಅದೇ ಅವನ ಥರ್ಮಾಮೀಟರು.
ಗಳಿಗೆ ಮೊದಲಾದರೆ ಲೇಪ ಹಸಿ,
ಗಳಿಗೆ ತಡವಾದರೆ ನಾಲ್ಕು ಮನೆಯ ವರ್ಷದ ಅನ್ನ
ಕರಗಿ ಮುದ್ದೆ.
ಹಿಂದೊಬ್ಬ, ಅರಮನೆಯ ಹಂಡೆ ಬೇಯಲೊಲ್ಲದೆ,
ತಾನೇ ಬೆಂಕಿಗೆ ಹಾರಿದನಂತೆ. ಈಗವನು ದೇವರು.
ಅಪ್ಪ ಅವನಿಗೆ ಊದುಬತ್ತಿ ಹಚ್ಚಿ ಗೊಣಗುತ್ತಿದ್ದ:
‘ಸೌದೆ ಸರಿಯಾಗಿ ಒಣಗಿಸಿದ್ದರೆ ಸಾಕಿತ್ತಲ್ಲ, ಮಾರಾಯ.’

ಆ ಕಾಲದಲ್ಲಿ ಕೂದಲೆಳೆ ಓರೆಯಾದರೂ
ಸುತ್ತಿಗೆ, ಗುಂಡಿ, ಮೇಲೆ ಮಣ್ಣು.
ದೊರೆ ಉಂಡ ತಟ್ಟೆ ಯಾವ ದೇಶದಲ್ಲಿದೆಯೋ;
ದೊರೆ ಒಲ್ಲೆನೆಂದದ್ದರ ಮೇಲೆ ಈ ಊರು ನಿಂತಿದೆ.

ಕಾರ್ಖಾನೆ ಮುಚ್ಚಿದ ವರ್ಷ ಸಂಬಳಕ್ಕೆ ಬದಲು
ನೂರಿಪ್ಪತ್ತು ಬಟ್ಟಲು ಕೊಟ್ಟರು, ಹುಲ್ಲುಹಗ್ಗ ಸುತ್ತಿ.
ತನ್ನ ಗೆರೆಗಳನ್ನು ಅಷ್ಟೊಂದು ನೀಲಿಯಾಗಿ
ಅವಳು ನೋಡಿದ್ದು ಆವತ್ತೇ.
ಅಕ್ಕಿ ಅಂಗಡಿಯವ ಕೈಯಾಡಿಸಿದ:
‘ಬೇಡಮ್ಮ, ನನ್ನ ಹೆಂಡತಿಯೂ ಹೊತ್ತು ತಂದಿದ್ದಾಳೆ.’

ಈಗ ಸೋಮವಾರ ಸೋಮವಾರ ನಸುಕಿನ ಸಂತೆ.
ಟಾರ್ಚು ಹಿಡಿದ ನೆರಳುಗಳು, ನೆಲಕ್ಕೆ ಹಾಸಿದ ಚಾದರ,
ಚಾದರದ ಮೇಲೆ ಬೋಕಿಗಳು:
ಚರಂಡಿ ತೋಡಿದಾಗ ಸಿಕ್ಕವು, ಪಾಯ ತೆಗೆದಾಗ ಸಿಕ್ಕವು,
ಮೀನಿನ ಅರ್ಧ ಬಾಲ, ಯಾರದೋ ತೋಳಿಲ್ಲದ ಅಂಗೈ.
ಚಳಿಯಲ್ಲಿ ಒಬ್ಬ ಹುಡುಗ ಭೂತಗನ್ನಡಿ ಒತ್ತಿ ಕೇಳಿದ:
‘ಇದು? ಬರೀ ಎರಡು ಗೆರೆ ಇದೆಯಲ್ಲ. ಮಿಂಗ್ ಕಾಲದ್ದೇ?’

ಅವಳು ಕೈಗೆತ್ತಿಕೊಂಡಳು. ಹೆಬ್ಬೆರಳು
ತಾನಾಗಿ ಅಂಚು ಹಿಡಿದು ನಡೆಯಿತು,
ಒಂದು ಕಡೆ ನಿಂತಿತು. ಗೆರೆ ಅಲ್ಲಿ
ಅಕ್ಕಿನುಚ್ಚಿನಷ್ಟು ದಪ್ಪ. ಉಸಿರು ಬಿಟ್ಟ ಜಾಗ.
ನಾನ್ನೂರು ವರ್ಷದ ಹಿಂದೆ ಕೆಮ್ಮಿದವನೋ,
ಮಗುವಿಗೆ ಜ್ವರ ಬಂದ ವಾರದ ತಾನೋ.
‘ಗೊತ್ತಿಲ್ಲ’ ಎಂದಳು. ‘ಎಂಟು ಯುವಾನ್ ಕೊಡು.’

ಎಂಟು ಯುವಾನಿಗೆ ಬಿಸಿ ನೂಡಲ್ಸು, ಮೇಲೆ ಖಾರದೆಣ್ಣೆ.
ಬಟ್ಟಲಿಗೆ ಮೆಷಿನ್ ಅಂಟಿಸಿದ ನೀಲಿ ಗೆರೆ:
ಸೇರಿದ ಜಾಗದಲ್ಲಿ ಒಂದರ ಮೇಲೊಂದು ಹತ್ತಿತ್ತು.
ನೋಡಿದಳು. ಬಟ್ಟಲನ್ನು ತುಸು ತಿರುಗಿಸಿ
ಆಚೆ ಬದಿಯಿಂದ ಸಾರು ಕುಡಿದಳು.