ಇಪ್ಪತ್ತಾರನೇದು

ಇಲೆಕ್ಷನ್ ಬಂತಂದ್ರ ಬಂದೂಕು ಠಾಣೆಕ್ಕ.
ಹಿಂದಿನ ರಾತ್ರಿ ಅಪ್ಪ ಕಂಬಳಿ ಹಾಸಿ
ಕಾಡತೂಸು ಸಾಲಾಗಿ ನಿಂದರಸತಿದ್ದ.
ಎಣಸಾಕ ನಾನು, ಬರಕೊಳ್ಳಾಕ ಅಂವ.
ಲೈಸೆನ್ಸಿನ್ಯಾಗ ಇಪ್ಪತ್ತೈದು.
ತಂದದ್ದು, ಹಂದಿಗೆ ಹಾರಿಸಿದ್ದು,
ಕಬ್ಬಿನ್ಯಾಗ ಹುಸಿ ಹೋದದ್ದು,
ಎಲ್ಲಾ ತಾರೀಖು ಸಮೇತ ವಹಿಯೊಳಗ.

"ಇಪ್ಪತ್ತಾರು" ಅಂದ್ನಿ.
"ಮತ್ತ ಎಣಸು."
ಇಪ್ಪತ್ತಾರು.

ಒಂದರ ಮ್ಯಾಲ ಕಂಪನಿ ಹೆಸರಿಲ್ಲ.
ಹಿತ್ತಾಳಿ ಕಪ್ಪಾಗಿ, ಬಾಯಿಗೆ ಮೇಣ ಮೆತ್ತಿ.
ಅಪ್ಪ ಮೂಗಿಗೆ ಹಿಡದ.
"ಲಗಮಂದು."

ಹನ್ನೊಂದು ವರ್ಷ ಆಗಿತ್ತು ಆ ಹೆಸರು ತಗದು.
ಅಂಗಡ್ಯಾಗಿಂದು ತುಟ್ಟಿ ಅಂತ ಕಾಕಾ
ಅಟ್ಟದ ಮ್ಯಾಲ ಕುಂತು ಖಾಲಿ ಕೊಳವಿ ತುಂಬತಿದ್ದ.
"ಲೈಸೆನ್ಸ್ ನನ್ನ ಹೆಸರಿಲೆ, ಕೈ ನಿಂದು,
ಎಣಿಕಿ ಯಾರದೋ?" ಅಂದಿದ್ದ ಅಪ್ಪ.
ಅದೊಂದು ಮಾತಿಗೆ ಒಲಿ ಎರಡಾದವು.
ಅಥಣಿ ಕಡೆ ಫ್ಯಾಕ್ಟರಿ ಗೇಟಿಗೆ ವಾಚಮನ್ ಆಗಿ
ಕಾಕಾ ಅಲ್ಲೇ ತೀರಿದ.
ನಾವು ಹೋಗೂದ್ರಾಗ
ಮಣ್ಣು ಆಗಿಹೋಗಿತ್ತು.

ಯಮಕನಮರಡಿ ಠಾಣೆದಾಗ ಹವಾಲ್ದಾರ ನಕ್ಕ:
"ಹಳ್ಳಕ್ಕ ಒಗಿ, ಭರಮಪ್ಪ. ನಾ ನೋಡೇ ಇಲ್ಲ."
"ಒಗದ್ರ ವಹಿಯೊಳಗ ಏನಂತ ಬರೀಲಿ, ಸಾಹೇಬ್ರ?"
ಹವಾಲ್ದಾರ ಪೆನ್ನು ಕೆಳಗಿಟ್ಟ.
ಚಹಾ ತರಿಸಿದ. ಅರ್ಜಿ ಬರಿಸಿಕೊಂಡ.
ಒಬ್ಬ ಪೊಲೀಸನ್ನ ಜೋಡಿ ಮಾಡಿ
ಬೆಳಗಾವಿಗೆ ಕಳಿಸಿದ, ಬಂದೂಕಿನ ಅಂಗಡಿಗೆ.

ಅಲ್ಲೊಬ್ಬ ಮುದುಕ ಮೇಸ್ತ್ರಿ. ಒಂದು ಕಣ್ಣಿಗೆ ಭೂತಗನ್ನಡಿ.
ನಮ್ಮನ್ನ ಹೊರಗ ನಿಲ್ಲಿಸಿ ಒಳಗ ಬಿಚ್ಚಿದ.
ನಾನು ಎದುರಿನ ಅಂಗಡಿ ಕುಂದಾ ನೋಡಕೋತ ನಿಂತೆ.
ಅಪ್ಪ ಏನೂ ನೋಡಲಿಲ್ಲ.

"ಮದ್ದು ಹಸೀ ಹೊಡದೇತಿ. ಇದು ಹಾರತಿರಲಿಲ್ಲ"
ಅಂತ ಮೇಸ್ತ್ರಿ ಗಾಜಿನ ಮ್ಯಾಲ ಇಟ್ಟ
ಒಂದು ಚಮಚಾದಷ್ಟು ಛರ್ರಾ,
ದುಂಡಗ ಕತ್ತರಿಸಿದ ಎರಡು ಕಾಗದದ ಬಿಲ್ಲಿ.

ಬಿಲ್ಲಿ ಮ್ಯಾಲ ನೀಲಿ ಗೆರಿ, ಪೆನ್ಸಿಲ್ ಅಕ್ಷರ.
ಎರಡನೇ ಇಯತ್ತೆದ ನನ್ನ ಕಾಪಿ ಪುಸ್ತಕ!
ಒಂದರಾಗ ನಾ ತಿರುವಿ ಬರೀತಿದ್ದ ಳ.
ಇನ್ನೊಂದರಾಗ
ಕಾಕಾ ತಿದ್ದಿ ತೋರಿಸಿದ ಳ,
ಬಾಲ ಜರಾ ಉದ್ದ.

ಅಪ್ಪ ರಸೀದಿ ಕೇಳಿದ. "ನಗ: ಒಂದು" ಅಂತ ಬರಿಸಿ
ಶಿಕ್ಕಾ ಹೊಡಿಸಿ, ನಾಕು ಮಡಿಕಿ ಮಾಡಿ
ಅಂಗಿ ಒಳಗಿನ ಕಿಸೇಕ್ಕ ಇಟ್ಟಕೊಂಡ.

ವಂಟಮುರಿ ಘಾಟಿನತನಕ ಮಾತಿಲ್ಲ.
ಆಮ್ಯಾಲ ಕಿಡಕಿ ಹೊರಗ ನೋಡಕೋತ ಕೇಳಿದ:
"ಬಿಲ್ಲಿ ಎಷ್ಟು ತಂದಿ?"
"ಎರಡು."
ಅಂಗೈ ಚಾಚಿದ.
"ಅವನದು ನನಗ ಕೊಡು."