ಕೇಳುವವರು: ೧

ಜೆರಾಕ್ಸ್ ಮಿಷಿನ್ನು ಬಂದ್ ಮಾಡಿ ಶಟರ್ ಅರ್ಧ ಎಳೆದಿದ್ದೆ.
ಬಗ್ಗಿ ಒಳಗ ಬಂದ ಲಾಡ್ಲೇಸಾಬ
ಕಿಸೆದಿಂದ ಬೀಡಿ ಕಟ್ಟಿನ ಕಾಗದ ತೆಗೆದ.
ಅದರ ಮ್ಯಾಲ ಮೊಮ್ಮಗಳ ಅಕ್ಷರದಾಗ ಉದ್ದನೆ ವಿಳಾಸ,
ಎರಡು ಚುಕ್ಕಿ, ಎರಡು ಅಡ್ಡಗೀರು, ಕೊನೀಗೆ ನಾಕು ಅಂಕಿ.
‘ಬೇಟಿ, ಈ ಸ್ಟೇಶನ್ ಹಚ್ಚಿಕೊಡು.’

ನಲವತ್ತು ವರ್ಷ ಶಹಾಬಜಾರದಾಗ ರೇಡಿಯೋ ಬಿಚ್ಚಿದ ಕೈ.
ಮೊದಲು ಕಂಪ್ಯೂಟರಿನ ಬೆನ್ನು ನೋಡಿದ,
ಧೂಳು ಊದಿದ.
‘ಮುಳ್ಳು ಎಲ್ಲದ ಇದರಾಗ? ಮುಳ್ಳು ಎಳೆಯೋ ದಾರ?’
ಮುಳ್ಳಿಲ್ಲ ಚಾಚಾ, ದಾರಾನೂ ಇಲ್ಲ.
ಒಂದು ಪ್ಲೇಯರ್ ಬೇಕು, ಇಳಿಸಿಕೋಬೇಕು.
‘ಎಷ್ಟು ಎತ್ತರದಾಗದ?’

ಇದ್ದ ಹಳೇದು, ಕೋಡೆಕ್ ಇಲ್ಲ ಅಂತು.
‘ಖರೇ ಇರಬೇಕು,’ ಅಂದ,
‘ಒಂದು ವಾಲ್ವ್ ಸಿಗದೇ ಎಷ್ಟು ಸೆಟ್ಟು ಅಟ್ಟ ಹತ್ಯಾವ ನನ್ನ ದುಕಾನದಾಗ.’
ಹೊಸದು ಹುಡುಕಿದೆ. ಪುಕ್ಕಟೆ.
ಯಾರು ಕೊಟ್ಟಾರ?
ಗೊತ್ತಿಲ್ಲ. ಯಾವ್ಯಾವ ದೇಶದವರೋ, ನಿದ್ದೆಗೆಟ್ಟು ಬರೆದವರು.
ಬಿಲ್ಲು?
ಇಲ್ಲ.
ಮಾನಿಟರಿಗೆ ಸಲಾಮು ಮಾಡಿದ. ನಗಲಿಲ್ಲ.

ವಿಳಾಸ ತುಂಬಿದೆ. ಗುಂಡಗೆ ತಿರುಗಲಿಕ್ಕೆ ಹತ್ತಿತು.
ಬಫರ್ ಅಂದೆ. ಬರೋ ದನಿ ಸ್ವಲ್ಪ ಕೂಡಿಟ್ಟು
ಆಮ್ಯಾಲ ಕೇಳಿಸೋದು.
‘ಹಗೇವು ಅನ್ನು ಮತ್ತ.
ಬಾಯಿ ತೆಗೆದ ಕೂಡಲೇ ಇಳಿಯಬಾರದು,
ಗಾಳಿ ಆಡಲಿಕ್ಕೆ ಬಿಡಬೇಕು.’
ಬಿಟ್ಟೆವು.

ಮೂಲ್ಯಾಗ ಸಣ್ಣ ಅಕ್ಷರ: ಕೇಳುವವರು ೧.
‘ಅದು ಆಕೀನೇ. ತನ್ನ ದನಿ ಹೊಂಟದೋ ಇಲ್ಲೋ ಅಂತ
ತಾನೇ ಕಿವಿಗೊಟ್ಟು ಕೂತಿರತಾಳ.’
ಅಷ್ಟರಾಗ ೨ ಆತು.

ಗರಗರ. ಒಂದು ಸೀಟಿ. ಆಮ್ಯಾಲ ಗೊಗ್ಗರು ದನಿ:
ಸುರಪುರ ಬಿಟ್ಟದ, ಮುಂದ ಶಹಾಪುರ,
ಚಿಲ್ಲರೆ ಕೈಯಾಗಿರಲಿ.
ಗುರುಬಾಯಿ. ರಿಟೈರಾಗಿ ಆರು ವರ್ಷ ಆದರೂ
ದಿನಾ ರಾತ್ರಿ ಹತ್ತಕ್ಕ ಖೋಲಿಯೊಳಗ ಕುಂತು
ಕೊನೇ ಬಸ್ಸು ಬಿಡೋ ಕಂಡಕ್ಟರ್.
ಊರಿಗೊಂದು ಹಾಡು, ಹಳ್ಳಕ್ಕೊಂದು ಕತಿ.
ಯಾರೂ ಇಳಿಯದಿದ್ದರೂ ಕ್ರಾಸಿನಾಗ ಜರಾ ನಿಂತು
ಬಾಗಿಲು ತೆಗೆದಷ್ಟೇ ಹೊತ್ತು ಸುಮ್ಮನಿರತಾಳ.
ಸುಟ್ಟ ಸೆಟ್ಟಿನ ಚೀಲ ತೊಡಿಮ್ಯಾಲ ಇಟಗೊಂಡು
ಆ ಬಸ್ಸಿನಾಗ ಹಿಂದಕ್ಕ ಎಷ್ಟು ಸರತಿ ಬಂದಿದ್ದನೋ ಈತ.
‘ಲಗೇಜು ಹರಿದಿಲ್ಲ ಆಕಿ,’ ಅಂದ, ‘ಒಮ್ಮೆಯೂ.’

ಯಾರೋ ಕೈ ಮಾಡ್ಯಾರ, ಅಂತು ದನಿ.
ಒಂದು ಸೀಟು. ಹತ್ರಿ, ಹತ್ರಿ. ರೈಟ್!
ಅದು ನಾವೇ, ಅರ್ಧ ನಿಮಿಷ ಹಿಂದಿನ ನಾವು.
ಆತ ಕುರ್ಚಿ ಸರಿಸಿಕೊಂಡ, ಕಿಡಿಕಿ ಕಡೆ.

ಜೇವರ್ಗಿ ಹಾಡಿನ ನಡುವ ಕರೆಂಟು ಹೋತು.
ಯುಪಿಎಸ್ಸು ನಾಕು ಸರತಿ ಕೂಗಿ ಕಣ್ಣು ಮುಚ್ಚಿತು.
ಅಲ್ಲಿ ಮತ್ತ ಒಂದೇ ಆಗಿರಬೇಕು, ನಾ ಅಂದೆ.
ಉತ್ತರ ಇಲ್ಲ.
ಕತ್ತಲಾಗ ಟೇಬಲ್ಲಿನ ಅಂಚು ಬೆರಳಿಲೆ ಬಡಕೋತ
ಎಷ್ಟೋ ಹೊತ್ತಿನ ಮ್ಯಾಲ ಅಂದ:
‘ಕಟ್ಟಿಸಂಗಾವಿ ಸೇತುವೆ ಬಂತು ಈಗ.
ಭೀಮಾದ ಗಾಳಿ ನೋಡು.’